ಅಪ್‌ಡೇಟ್: ತೊಗರಿ ಹೊಲದ ಬದುವಿನಲ್ಲಿ ಹೂಗಿಡಗಳನ್ನು ಉಳಿಸಿಕೊಂಡ ಬಗ್ಗೆ

ಆಳಂದ ತಾಲ್ಲೂಕಿನ ನಮ್ಮ ತೊಗರಿ ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಹೂಗಿಡಗಳನ್ನು ಉಳಿಸಿಕೊಂಡರೆ ಕಾಡು ಜೇನ್ನೊಣಗಳಿಗೆ ನೆರವಾಗುವುದೋ, ಕಳೆಯೇ ಹೆಚ್ಚುವುದೋ ಎಂದು ಕಳೆದ ಮುಂಗಾರಿನಲ್ಲಿ ಕೇಳಿದ್ದೆ. ಕಳೆನಾಶಕ ಹೊಡೆಯದೆ, ಪಾರ್ಥೇನಿಯಂ ಒಂದನ್ನು ಮಾತ್ರ ಹೂಬಿಡುವ ಮೊದಲೇ ಕಿತ್ತು, ಉಳಿದುದನ್ನು ಬೆಳೆಯಲು ಬಿಡಿರೆಂದು ಹಿರಿಯರೊಬ್ಬರು ತಿಳಿಸಿದ್ದರು, ಹಾಗೆಯೇ ಮಾಡಿದೆವು.

ಮಳೆ ಬಿದ್ದೊಡನೆ ತುಂಬೆ ಹರಡಿತು, ಅದರ ಬಿಳಿ ಹೂಗಳಿಗೆ ನೀಲಿ ಪಟ್ಟೆಯ ಒಂಟಿ ಜೇನ್ನೊಣಗಳು (ಗುಂಪಾಗಿರದೆ ಒಂದೊಂದೇ ಗೂಡು ಮಾಡುವಂಥವು) ಬಂದವು. ತಂಗಡಿಯ ಹೂವಿನಲ್ಲಿ ಮಕರಂದವಿಲ್ಲದಿದ್ದರೂ, ಕಟ್ಟಿಗೆ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿಗಳು ಮೈ ಅದುರಿಸಿ ಪರಾಗವನ್ನು ಉದುರಿಸಿಕೊಳ್ಳುತ್ತಿದ್ದುದು, ನೋಡುತ್ತ ನಿಂತರೆ ಕೆಲಸ ಮರೆಯುವಂತಿತ್ತು. ತೊಗರಿ ಹೂವಾದಾಗ ಇವೇ ದುಂಬಿಗಳೂ ಎಲೆ ಕತ್ತರಿಸುವ ಜೇನ್ನೊಣಗಳೂ ಹೊಲದೊಳಗೆ ಕಂಡವು. ತೊಗರಿ ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುವ, ಅಂದರೆ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಇಳುವರಿ ಇದರಿಂದಲೇ ಹೆಚ್ಚಿತೆಂದು ನಾನು ಹೇಳಲಾರೆ. ಜೇನ್ನೊಣಗಳನ್ನು ಹೆಚ್ಚು ನೆಚ್ಚುವ ಸೂರ್ಯಕಾಂತಿ ಬೆಳೆಯುವವರಿಗೆ ಪ್ರಯೋಜನ ಸ್ಪಷ್ಟವಾಗಿ ಕಂಡೀತು.

ಹೂವಿಗಿಂತ ಗೂಡಿನ ಜಾಗವೇ ಮುಖ್ಯವೆಂದು ಈಗ ಅನಿಸುತ್ತದೆ. ಅನೇಕ ಒಂಟಿ ಜೇನ್ನೊಣಗಳು ನೆಲದಲ್ಲೇ ಗೂಡು ಮಾಡುವುದರಿಂದ ಬದುವಿನ ಒಂದು ಭಾಗವನ್ನು ಅಗೆಯದೆ, ಉಳುಮೆ ತಾಗದಂತೆ ಬಿಟ್ಟಿದ್ದೇವೆ. ಕಾಯಿಕೊರಕಕ್ಕೆ ಔಷಧ ಹೊಡೆಯುವುದು ಅನಿವಾರ್ಯವಾದಾಗ ಸಂಜೆ, ಜೇನ್ನೊಣಗಳ ಓಡಾಟ ನಿಂತ ಮೇಲೆಯೇ ಹೊಡೆದೆವು. ಬದು ಹಾಳು ಬಿದ್ದಿದೆಯೆಂಬ ಪಕ್ಕದ ಹೊಲದವರ ಗೊಣಗಾಟ ಮುಂದುವರಿದಿದೆ. ಈ ಸಲ ಅಂಚಿಗೆ ಗುರೆಳ್ಳಿನ ಸಾಲನ್ನೂ ಬಿತ್ತಲಿದ್ದೇವೆ.