‘ಸ್ಟಾಲ್’ಗೆ ‘ಸ್ಥಗಿತ’ ಸರಿಯೇ? ‘ರೆಕ್ಕೆ ಸೋಲುವುದು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ವಿಮಾನ ಹೇಗೆ ಹಾರುತ್ತದೆ ಅಂತ ಹೈಸ್ಕೂಲ್ ಮಕ್ಕಳಿಗೆ ತಿಳಿಸುವ ಬರಹವೊಂದನ್ನು ಬರೆಯುತ್ತಿದ್ದೇನೆ. ಲಿಫ್ಟ್‌ಗೆ ‘ಎತ್ತುವ ಬಲ’, ಡ್ರ್ಯಾಗ್‌ಗೆ ‘ಎಳೆತ’, ಥ್ರಸ್ಟ್‌ಗೆ ‘ನೂಕುಬಲ’ ಅಂತ ಬರೆದುಕೊಂಡು ಹೋದೆ. ತೊಡಕಾಗಲಿಲ್ಲ. ರೆಕ್ಕೆ ಎತ್ತುವ ಬಲವನ್ನು ಕಳೆದುಕೊಳ್ಳುವ ‘ಸ್ಟಾಲ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

‘ಸ್ಥಗಿತ’ ಅಂತ ಬರೆದರೆ ಓದುವವರು ಎಂಜಿನ್ ನಿಂತುಹೋಯಿತು ಅಂದುಕೊಳ್ಳುತ್ತಾರೆ. ಕಾರಿನ ಮಾತಾದರೆ ಅದು ಸರಿ. ವಿಮಾನದಲ್ಲಿ ಸ್ಟಾಲ್ ಆಗುವುದು ರೆಕ್ಕೆ. ಎಂಜಿನ್ ಜೋರಾಗಿ ಓಡುತ್ತಿದ್ದರೂ ಆಗಬಹುದು. ಎಂಜಿನ್ನೇ ಇಲ್ಲದ ಗ್ಲೈಡರ್‌ಗೂ ಆಗುತ್ತದೆ.

ಎದುರು ಬರುವ ಗಾಳಿಗೆ ರೆಕ್ಕೆಯ ಮುಂದಿನ ಅಂಚು ಮೇಲೆತ್ತಿದಷ್ಟೂ ಎತ್ತುವ ಬಲ ಜಾಸ್ತಿಯಾಗುತ್ತದೆ. ಆದರೆ ಸುಮಾರು 15 ಡಿಗ್ರಿ ದಾಟಿದರೆ, ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಕೊಳ್ಳುತ್ತದೆ, ಎತ್ತುವ ಬಲ ಕುಸಿಯುತ್ತದೆ. ಅದೇ ಸ್ಟಾಲ್. ಇದನ್ನು ಕಣ್ಣಾರೆ ನೋಡಬಹುದು. ಪರೀಕ್ಷೆ ಮಾಡುವಾಗ ರೆಕ್ಕೆಯ ಮೇಲೆ ಉಣ್ಣೆ ದಾರದ ತುಂಡುಗಳನ್ನು ಸಾಲಾಗಿ ಅಂಟಿಸುತ್ತಾರೆ. ಮೊದಲು ಅವೆಲ್ಲ ಬಾಚಿದ ಕೂದಲಿನ ಹಾಗೆ ಹಿಂದಕ್ಕೆ ಮಲಗಿರುತ್ತವೆ. ಸ್ಟಾಲ್ ಆದ ಕಡೆ ಎದ್ದು ಪಟಪಟ ಬಡಿದುಕೊಳ್ಳುತ್ತವೆ, ಕೆಲವು ಮುಂದಕ್ಕೇ ತಿರುಗಿಬಿಡುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ.

ಹೋಗಲಿ, ‘ವೇಗ ಕಮ್ಮಿಯಾಗಿ ಬೀಳುವುದು’ ಅಂತ ಬಿಡಿಸಿ ಬರೆಯೋಣ ಅಂದರೆ ಅದೂ ಪೂರ್ತಿ ಸರಿಯಲ್ಲ. ನೇರ ಹಾರಾಟದಲ್ಲಿ 50 ನಾಟ್‌ಗೆ (ಗಂಟೆಗೆ ಸುಮಾರು 93 ಕಿ.ಮೀ.) ಸ್ಟಾಲ್ ಆಗುವ ವಿಮಾನ, 60 ಡಿಗ್ರಿ ವಾಲಿಕೊಂಡು ಎತ್ತರ ಬಿಡದೆ ತಿರುಗುವಾಗ ಸುಮಾರು 70 ನಾಟ್‌ಗೇ ಸ್ಟಾಲ್ ಆಗುತ್ತದೆ. ಆಗ ರೆಕ್ಕೆ ಎರಡರಷ್ಟು ಭಾರ ಹೊರಬೇಕು, ಅಲ್ವಾ?

ನನಗೆ ಹೊಳೆದದ್ದು ‘ರೆಕ್ಕೆ ಸೋಲುವುದು’. ನಡೆದು ನಡೆದು ಕಾಲು ಸೋತಿತು ಅನ್ನುತ್ತೇವೆ. ಕಾಲು ಮುರಿದಿಲ್ಲ, ಹೊರುವ ಶಕ್ತಿ ಹೋಗಿದೆ. ರೆಕ್ಕೆಯದೂ ಅದೇ ಪಾಡು. ‘ಸೋಲುವ ವೇಗ’, ‘ಸೋಲುವ ಕೋನ’ ಅಂತ ಮುಂದಿನ ಪದಗಳೂ ಸಲೀಸಾಗಿ ಹುಟ್ಟುತ್ತವೆ.

ಒಂದು ಅಳುಕಿದೆ. ‘ಸೋಲು’ ಅಂದಾಗ ದಣಿವು ನೆನಪಾಗುತ್ತದೆ. ದಣಿದ ಕಾಲಿಗೆ ವಿಶ್ರಾಂತಿ ಬೇಕು. ಸ್ಟಾಲ್ ಆದ ರೆಕ್ಕೆಗೆ ವಿಮಾನದ ಮೂತಿ ತಗ್ಗಿಸಿದರೆ ಸಾಕು, ಗಾಳಿ ಮತ್ತೆ ಅಂಟಿಕೊಂಡು ಬಲ ಮರಳುತ್ತದೆ. ಲೋಹ ದಣಿದು ಬಿರುಕು ಬಿಡುವ ಬೇರೆ ವಿಷಯವೂ ವಿಮಾನದಲ್ಲಿ ಇದೆ, ಅದರ ಜೊತೆ ಕಲಸಿಹೋಗಬಾರದು. ‘ಹಿಡಿತ ತಪ್ಪುವುದು’ ಅನ್ನೋಣವೆಂದರೆ ಪೈಲಟ್‌ನ ಕೈ ತಪ್ಪಿದ ಹಾಗೆ ಕೇಳಿಸುತ್ತದೆ.

ಗಾಳಿಪಟ ಹಾರಿಸಿದವರು ಇಲ್ಲಿ ಇದ್ದೀರಲ್ಲ, ಪಟ ಮೂತಿ ಎತ್ತಿ ಗಾಳಿ ಕಳೆದುಕೊಂಡು ಕುಸಿಯುವ ಆ ಗಳಿಗೆಗೆ ನಿಮ್ಮ ಕಡೆ ಏನನ್ನುತ್ತಾರೆ?