ಟೆಕ್ಸಾಸ್ ಅಗ್ಗ ಅಂತ ಹೊರಡುವ ಮುಂಚೆ

ಕ್ಯಾಲಿಫೋರ್ನಿಯಾ ಬಿಟ್ಟು ಡಲ್ಲಾಸ್ ಕಡೆ ಬರಬೇಕೋ ಬೇಡವೋ ಅನ್ನುವ ಪ್ರಶ್ನೆ ಅಮೆರಿಕದ ಕನ್ನಡಿಗರ ಈ ಗುಂಪಿನಲ್ಲಿ ಆಗಾಗ ಬರುತ್ತದೆ. ಮೊದಲ ಉತ್ತರ ಯಾವಾಗಲೂ ಒಂದೇ: "ಬನ್ನಿ ಸರ್, ಇಲ್ಲಿ ಸ್ಟೇಟ್ ಟ್ಯಾಕ್ಸ್ ಇಲ್ಲ." ಎರಡನೆಯದೂ ಒಂದೇ: "ಪ್ರಾಪರ್ಟಿ ಟ್ಯಾಕ್ಸ್ ಎಷ್ಟು ಅಂತ ನೋಡಿದ್ದೀರಾ?" ಅಷ್ಟರಲ್ಲಿ ಯಾರೋ ಮಾವಿನಹಣ್ಣಿನ ಬಾಕ್ಸ್ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ, ಮಾತು ಅಲ್ಲಿಗೆ ಹೋಗುತ್ತದೆ. ನಾವು ಎರಡೂ ಕಡೆ ಸಂಸಾರ ಮಾಡಿದವರು. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಗಂಡ ಹೆಂಡತಿ ಸೇರಿ ವರ್ಷಕ್ಕೆ 2 ಲಕ್ಷ ಡಾಲರ್ ದುಡಿದರೆ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಕಟ್ಟುವ ಆದಾಯ ತೆರಿಗೆ ಸುಮಾರು 10-11 ಸಾವಿರ. ಟೆಕ್ಸಾಸ್‌ನಲ್ಲಿ ಸೊನ್ನೆ. ಮುಂದೆಯೂ ಸೊನ್ನೆಯಾಗೇ ಇರಲಿ ಅಂತ 2019ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿಕೊಂಡರು. ಆದರೆ ಶಾಲೆಗೆ, ರಸ್ತೆಗೆ, ಪೊಲೀಸರಿಗೆ ದುಡ್ಡು ಬೇಕಲ್ವಾ? ಅದು ಮನೆಯ ಮೇಲೆ ಬೀಳುತ್ತದೆ. 6 ಲಕ್ಷದ ಮನೆಗೆ ಎಲ್ಲ ಸೇರಿ ಶೇ 1.7 ಅಂತ ಹಿಡಿದರೂ 10 ಸಾವಿರ ದಾಟಿತು. ನಾವೇ ವಾಸ ಇರುವ ಮನೆಗೆ ಶಾಲಾ ತೆರಿಗೆಯಲ್ಲಿ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ 2023ರಲ್ಲಿ 1 ಲಕ್ಷ ಡಾಲರ್‌ಗೆ, 2025ರಲ್ಲಿ 1.4 ಲಕ್ಷಕ್ಕೆ ಏರಿತು. ಮನೆ ಬೆಲೆಯ ಅಷ್ಟು ಭಾಗಕ್ಕೆ ಶಾಲಾ ತೆರಿಗೆ ಇಲ್ಲ ಅಂತ ಅರ್ಥ. ಅದರಿಂದ ವರ್ಷಕ್ಕೆ ಒಂದೂವರೆ ಸಾವಿರದ ಹತ್ತಿರ ಉಳಿಯುತ್ತದೆ, ಅಷ್ಟೇ.

ಕ್ಯಾಲಿಫೋರ್ನಿಯಾದಲ್ಲೂ ಮನೆ ತೆರಿಗೆ ಇದೆಯಲ್ಲ ಅನ್ನಬಹುದು. ಇದೆ. ಆದರೆ 1978ರಲ್ಲಿ ಜನ ವೋಟು ಹಾಕಿ ತಂದ ಪ್ರಾಪೊಸಿಷನ್ 13 ಪ್ರಕಾರ ಅಲ್ಲಿ ತೆರಿಗೆ ಲೆಕ್ಕ ಹಾಕುವುದು ನೀವು ಕೊಂಡ ಬೆಲೆಯ ಮೇಲೆ. ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಹಾಗಾಗಿ ಫ್ರೀಮಾಂಟ್‌ನ ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಎರಡು ಮನೆಗಳಲ್ಲಿ, 1980ರ ದಶಕದಲ್ಲಿ ಕೊಂಡ ಅಜ್ಜ ಕೆಲವೇ ಸಾವಿರ ಕಟ್ಟುತ್ತಾರೆ, ಮೊನ್ನೆ ಕೊಂಡ ನಮ್ಮ ಹುಡುಗ 20 ಸಾವಿರಕ್ಕಿಂತ ಜಾಸ್ತಿ ಕಟ್ಟುತ್ತಾನೆ. ಹೊಸದಾಗಿ ಬಂದವರಿಗೆ ಇದು ಅನ್ಯಾಯವೇ. ಆದರೆ ಒಂದು ಸಲ ಕೊಂಡ ಮೇಲೆ ಮುಂದಿನ ಹತ್ತು ವರ್ಷ ಎಷ್ಟು ಕಟ್ಟಬೇಕು ಅನ್ನೋದು ಗೊತ್ತಿರುತ್ತದೆ.

ಯಾರೂ ಮಾತಾಡದ ವಿಷಯ ಒಂದಿದೆ. ಕೆಲಸ ಹೋದರೆ ಆದಾಯ ತೆರಿಗೆ ಅಲ್ಲಿಗೇ ನಿಲ್ಲುತ್ತದೆ. ಮನೆ ತೆರಿಗೆ ನಿಲ್ಲುವುದಿಲ್ಲ. ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದು, ಕೆಲಸ ಕಳೆದುಕೊಂಡು, ಹೊಸದು ಹುಡುಕಲು 60 ದಿನ ಇದೆ ಅನ್ನುವಾಗ ಜನವರಿ 31ರೊಳಗೆ ಕಟ್ಟಬೇಕಾದ ಬಿಲ್ ಮೇಜಿನ ಮೇಲೆ ಕೂತಿರುತ್ತದೆ. ವೀಸಾ ಇನ್ನೂ ಗಟ್ಟಿಯಾಗದವರು ಟೆಕ್ಸಾಸ್‌ನಲ್ಲಿ ದೊಡ್ಡ ಮನೆ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಟೆಕ್ಸಾಸ್‌ನ ಏಪ್ರಿಲ್ ಹಬ್ಬ. ಯುಗಾದಿ ಮುಗಿಯುತ್ತಿದ್ದಂತೆ ಕೌಂಟಿಯ ಅಪ್ರೈಸಲ್ ಕಚೇರಿಯಿಂದ ನಿಮ್ಮ ಮನೆ ಇಷ್ಟು ಬೆಲೆ ಬಾಳುತ್ತದೆ ಅಂತ ಚೀಟಿ ಬರುತ್ತದೆ. ವಾಸದ ಮನೆಗೆ ತೆರಿಗೆ ಬೆಲೆ ವರ್ಷಕ್ಕೆ ಶೇ 10ಕ್ಕಿಂತ ಏರುವಂತಿಲ್ಲ ಅಂತ ನಿಯಮ ಇದೆ, ಆದರೆ ಶೇ 10 ಏನು ಕಮ್ಮಿಯೇ? ಒಪ್ಪಿಗೆ ಇಲ್ಲದಿದ್ದರೆ ಸಾಮಾನ್ಯವಾಗಿ ಮೇ 15ರೊಳಗೆ ತಕರಾರು ಸಲ್ಲಿಸಬೇಕು. ಅದಕ್ಕೆ ಮನೆಯ ಹಾನಿಯೂ ಒಂದು ಸಾಕ್ಷಿ. ಡಲ್ಲಾಸ್ ಸುತ್ತಮುತ್ತ ಎರೆಮಣ್ಣು, ನಮ್ಮ ಧಾರವಾಡ–ಗದಗ ಕಡೆಯ ಹಾಗೆ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಮನೆಯ ಅಡಿಪಾಯವೇ ಅಲುಗುತ್ತದೆ. ಅದಕ್ಕೇ ಇಲ್ಲಿ ಗಿಡಕ್ಕೆ ಬಿಟ್ಟ ಹಾಗೆ ಪಾಯಕ್ಕೂ ನೀರು ಬಿಡುತ್ತಾರೆ. ಬಾಗಿಲ ಮೇಲಿನ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಹೋದ ಬಿರುಕು, ಅದರ ಪಕ್ಕ ಸ್ಕೇಲ್ ಹಿಡಿದು ತೆಗೆದ ಫೋಟೊ, ರಿಪೇರಿಯವನು ಕೊಟ್ಟ ಅಂದಾಜು ಪಟ್ಟಿ, ಪಕ್ಕದ ಬೀದಿಯಲ್ಲಿ ಕಮ್ಮಿಗೆ ಹೋದ ಮೂರು ಮನೆಗಳ ವಿವರ. ಇಷ್ಟು ಜೋಡಿಸಿಕೊಂಡು ಹೋದರೆ ಅಲ್ಲಿನವರು ಸಾಮಾನ್ಯವಾಗಿ ಕೇಳುತ್ತಾರೆ. "ತುಂಬಾ ಜಾಸ್ತಿ ಆಯ್ತು ಸ್ವಾಮಿ" ಅಂತ ಸುಮ್ನೆ ಗೋಳಾಡಿದರೆ ಕೇಳುವುದಿಲ್ಲ.

ನನ್ನ ಮಟ್ಟಿಗೆ ಕ್ಯಾಲಿಫೋರ್ನಿಯಾವೋ ಟೆಕ್ಸಾಸೋ ಅನ್ನುವುದಕ್ಕಿಂತ ಮನೆ ಯಾವ ಶಾಲಾ ಜಿಲ್ಲೆಯ, ಯಾವ ತೆರಿಗೆಯ ಗೆರೆಯ ಒಳಗೆ ಬೀಳುತ್ತದೆ ಅನ್ನುವುದು ದೊಡ್ಡದು. ವಿಳಾಸದಲ್ಲಿ ಫ್ರಿಸ್ಕೊ (ಡಲ್ಲಾಸ್‌ನ ಉತ್ತರಕ್ಕಿರುವ ಊರು) ಅಂತ ಇದ್ದ ಮಾತ್ರಕ್ಕೆ ಮಗು ಫ್ರಿಸ್ಕೊ ಶಾಲೆಗೆ ಹೋಗುತ್ತದೆ ಅಂತಿಲ್ಲ. ಆ ಊರಿನ ಕೆಲವು ಬಡಾವಣೆಗಳು ಪ್ರಾಸ್ಪರ್, ಲೂಯಿಸ್‌ವಿಲ್, ಲಿಟಲ್ ಎಲ್ಮ್ ಶಾಲಾ ಜಿಲ್ಲೆಗಳಿಗೆ ಸೇರುತ್ತವೆ. ಇನ್ನೂ ಉತ್ತರಕ್ಕೆ ಸಲೈನಾ ಕಡೆ ಹೋದರೆ ಹೊಸ ಬಡಾವಣೆಗಳಲ್ಲಿ ಮಡ್ (ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) ಟ್ಯಾಕ್ಸ್ ಇರಬಹುದು. ಬಡಾವಣೆಯ ನೀರು, ಒಳಚರಂಡಿಗಾಗಿ ಆ ಡಿಸ್ಟ್ರಿಕ್ಟ್ ಎತ್ತಿದ ಸಾಲವನ್ನು ಮನೆ ಕೊಂಡವರೆಲ್ಲ ವರ್ಷಗಟ್ಟಲೆ ತೀರಿಸುವ ಏರ್ಪಾಡು ಅದು. ಮನೆ ತೋರಿಸುವವರು ಅಡುಗೆಮನೆಯ ಕಲ್ಲು ಎಲ್ಲಿಂದ ತರಿಸಿದ್ದು ಅಂತ ಹೇಳುತ್ತಾರೆಯೇ ಹೊರತು ಇದನ್ನು ನೀವು ಕೇಳುವ ತನಕ ಹೇಳುವುದಿಲ್ಲ.

ಹೈಸ್ಕೂಲ್ ಮಕ್ಕಳಿದ್ದರೆ ಇನ್ನೊಂದು ಲೆಕ್ಕ. 1997ರ ಕಾನೂನಿನ ಪ್ರಕಾರ ತಮ್ಮ ಶಾಲೆಯ ಮೊದಲ ಶೇ 10ರಲ್ಲಿ ಬಂದ ಮಕ್ಕಳಿಗೆ ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ಯುಟಿಗೆ (ಯೂನಿವರ್ಸಿಟಿ ಆಫ್ ಟೆಕ್ಸಾಸ್) ಮಾತ್ರ ವಿನಾಯಿತಿ ಇದೆ. ಅಲ್ಲಿ ಶೇ 6 ಇದ್ದದ್ದು 2026ರ ಪ್ರವೇಶಕ್ಕೆ ಶೇ 5 ಆಯಿತು. 500 ಮಕ್ಕಳ ಬ್ಯಾಚ್‌ನಲ್ಲಿ ಬರೀ 25 ಮಂದಿ. ರ‍್ಯಾಂಕ್ ಲೆಕ್ಕ ಹಾಕುವುದು ನಿಮ್ಮ ಶಾಲೆಯೊಳಗೆ ಮಾತ್ರ. ಅಂದರೆ "ಒಳ್ಳೆ ಶಾಲೆ, ನಮ್ಮವರೇ ಜಾಸ್ತಿ" ಅಂತ ಹುಡುಕಿ ಬಂದ ಕಡೆಯೇ ನಿಮ್ಮ ಮಗುವಿಗೆ ಪೈಪೋಟಿ ಅತಿ ಜಾಸ್ತಿ. ಅಷ್ಟೇನೂ ಹೆಸರಿಲ್ಲದ ಶಾಲೆಯಲ್ಲಿ ಆರಾಮಾಗಿ ಮುಂದಿರುತ್ತಿದ್ದ ಮಗು ಇಲ್ಲಿ 60ನೇ ಸ್ಥಾನದಲ್ಲಿದ್ದು, ಎಲ್ಲ ಎಪಿ ಕೋರ್ಸ್ (ಕಾಲೇಜು ಮಟ್ಟದ ಪಾಠ) ತಗೊಂಡು, ರಾತ್ರಿ ಒಂದು ಗಂಟೆಗೆ ಮಲಗುತ್ತದೆ. ಅದಕ್ಕೇ ಒಂಬತ್ತನೇ ಕ್ಲಾಸಿಗೆ ಮುಂಚೆ ಬೇರೆ ಕಡೆ ಮನೆ ಮಾಡಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಶೇ 9ರೊಳಗೆ ಬಂದವರಿಗೆ ಯುಸಿಯ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಯಾವುದೋ ಒಂದು ಕ್ಯಾಂಪಸ್‌ನಲ್ಲಿ, ಜಾಗ ಇದ್ದರೆ, ಸೀಟು ಖಾತ್ರಿ. ಅದು ಬರ್ಕ್ಲಿಯೇ ಆಗಬೇಕೆಂದಿಲ್ಲ.

ಇವತ್ತು ಇರುವ ಶಾಲೆಯ ಗೆರೆ ನಾಳೆ ಇರುತ್ತದೆ ಅಂತಲೂ ಇಲ್ಲ. ಮಕ್ಕಳ ಸಂಖ್ಯೆ ಇಳಿದದ್ದಕ್ಕೆ ಫ್ರಿಸ್ಕೊ ಪಕ್ಕದ ಪ್ಲೇನೊದಲ್ಲಿ ನಾಲ್ಕು ಶಾಲೆ ಮುಚ್ಚಲು 2024ರಲ್ಲಿ ತೀರ್ಮಾನ ಮಾಡಿದರು. ಫ್ರಿಸ್ಕೊದಲ್ಲಿ ಶಾಲೆಗಾಗಿ ತೆರಿಗೆ ಏರಿಸುವ ಪ್ರಸ್ತಾಪವನ್ನು 2016ರಲ್ಲಿ ಮತದಾರರೇ ಬೀಳಿಸಿದರು. ಇಂಥ ಚುನಾವಣೆಗಳಲ್ಲಿ ವೋಟು ಹಾಕಲು ಬರುವವರೇ ಕಡಿಮೆ. ನಮ್ಮಲ್ಲಿ ಅರ್ಧ ಜನ ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲೆ ಇರುವವರು. ತೆರಿಗೆ ಕಟ್ಟುತ್ತೇವೆ, ಮಕ್ಕಳನ್ನು ಕಳಿಸುತ್ತೇವೆ, ವೋಟು ಹಾಕುವ ಹಾಗಿಲ್ಲ. ಆದರೆ ಶಾಲಾ ಮಂಡಳಿಯ ಸಭೆಯಲ್ಲಿ ಎದ್ದು ಮಾತಾಡಲು ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ.

ಅಪ್ಪ ಅಮ್ಮ ಊರಿಂದ ಬಂದು ಆರು ತಿಂಗಳು ಇರುತ್ತಾರಲ್ಲ, ಅವರದ್ದೂ ಯೋಚಿಸಿ. ಪ್ಲೇನೊದಲ್ಲಿ ಡಾರ್ಟ್ (ಡಲ್ಲಾಸ್ ಪ್ರದೇಶದ ಸಾರಿಗೆ ಸಂಸ್ಥೆ) ರೈಲು ಇದೆ. ಫ್ರಿಸ್ಕೊದಲ್ಲಿ ಇಲ್ಲ. ಯಾಕೆ? ಡಾರ್ಟ್‌ಗೆ ಸೇರಿದ ಊರುಗಳು ಮಾರಾಟ ತೆರಿಗೆಯಲ್ಲಿ ಡಾಲರ್‌ಗೆ ಒಂದು ಸೆಂಟ್ ಅದಕ್ಕೆ ಕೊಡಬೇಕು. ಫ್ರಿಸ್ಕೊ ಆ ಸೆಂಟನ್ನು ಕಂಪನಿಗಳನ್ನು ಕರೆತರಲು, ಪಾರ್ಕು, ಕ್ರೀಡಾಂಗಣಕ್ಕೆ ಇಟ್ಟುಕೊಂಡಿತು. ಕೌಬಾಯ್ಸ್ ಅಮೆರಿಕನ್ ಫುಟ್‌ಬಾಲ್ ತಂಡದ ಮುಖ್ಯ ಕಚೇರಿ ಬಂತು, ಪಿಜಿಎ ಗಾಲ್ಫ್ ಬಂತು, ಮನೆ ಬೆಲೆಯೂ ಏರಿತು. ಆದರೆ ಮೈಸೂರಲ್ಲಿ ದಿನಾ ಬಸ್ ಹತ್ತಿ ದೇವರಾಜ ಮಾರ್ಕೆಟ್‌ಗೆ ಹೋಗುತ್ತಿದ್ದ ಅಮ್ಮ ಇಲ್ಲಿ ಹನುಮಾನ್ ದೇವಸ್ಥಾನಕ್ಕೆ ಹೋಗಬೇಕಾದರೂ ನಮ್ಮ ಮೀಟಿಂಗ್ ಮುಗಿಯುವ ತನಕ ಕಾಯಬೇಕು.

ಇನ್ನೊಂದು ವಿಷಯ ಗುಂಪಿನಲ್ಲಿ ಯಾರೂ ಬರೆಯುವುದಿಲ್ಲ, ಪರ್ಸನಲ್ ಮೆಸೇಜ್‌ನಲ್ಲಿ ಮಾತ್ರ ಕೇಳುತ್ತಾರೆ. ಮಗು ಮಾಡಿಕೊಳ್ಳಬೇಕು ಅಂತಿರುವ ದಂಪತಿಗಳಿಗೆ 2022ರಿಂದ ಟೆಕ್ಸಾಸ್‌ನ ಗರ್ಭಪಾತ ಕಾನೂನು ದೊಡ್ಡ ವಿಷಯ. ತಾಯಿಯ ಜೀವಕ್ಕೆ ಅಪಾಯದಂಥ ಸಂದರ್ಭ ಬಿಟ್ಟರೆ ಇಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಭ್ರೂಣದಲ್ಲಿ ದೊಡ್ಡ ತೊಂದರೆ ಕಂಡರೂ ನ್ಯೂ ಮೆಕ್ಸಿಕೊ ಅಥವಾ ಕೊಲರಾಡೊಗೆ ಹೋಗಬೇಕು. ಕ್ಯಾಲಿಫೋರ್ನಿಯಾ ಅದೇ ವರ್ಷ ಆ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿತು. ನಿಮ್ಮ ರಾಜಕೀಯ ಏನೇ ಇರಲಿ, ಮನೆಗೆ ಅಡ್ವಾನ್ಸ್ ಕೊಡುವ ಮುಂಚೆ ಗಂಡ ಹೆಂಡತಿ ಕೂತು ಇದನ್ನು ಮಾತಾಡಿಕೊಳ್ಳಿ. ಬಂದ ಮೇಲೆ ಮೊದಲ ಸಲ ಇದರ ಬಗ್ಗೆ ಡಾಕ್ಟರ ಬಾಯಿಂದ ಕೇಳುವ ಹಾಗೆ ಆಗಬಾರದು.

ನಾವಂತೂ ಇಲ್ಲೇ ಇರುತ್ತೇವೆ. ಮಕ್ಕಳಿಗೆ ಜಾಗ ಇದೆ, ಭಾನುವಾರದ ಕನ್ನಡ ಕ್ಲಾಸ್ ಹತ್ತಿರ ಇದೆ, ಸಾಲದ ಹೊರೆ ಅರ್ಧ ಆಗಿದೆ. ಪ್ರಾಸ್ಪರ್, ಸಲೈನಾ ಕಡೆ ಇತ್ತೀಚೆಗೆ ಮನೆ ತಗೊಂಡವರು ನಿಮ್ಮ ತೆರಿಗೆ ಬಿಲ್‌ನ ಒಟ್ಟು ದರ ಎಷ್ಟು, ಅದರಲ್ಲಿ ಮಡ್ ಎಷ್ಟು ಅಂತ ಕೆಳಗೆ ಬರೆಯಿರಿ. ಮಾವಿನಹಣ್ಣಿನ ಪ್ರಶ್ನೆಗೆ ಬೇರೆ ಥ್ರೆಡ್ ಮಾಡಿ.