ಪೈಮಾಲ್‌ನಲ್ಲಿ ರೆಸಿಡ್ಯೂಗಳಿಗೆ ಲೇಬಲ್ ಹಾಕುವುದು: ಬಲ್ಲವರು ಹೇಳಿ

ಪ್ರಶ್ನೆ: ಅಣುಗಳ ಚಿತ್ರ ಮಾಡುವ ತಂತ್ರಾಂಶ ಪೈಮಾಲ್‌ನಲ್ಲಿ, ಪ್ರೋಟೀನ್ ಜೀರ್ಣಿಸುವ ಕಿಣ್ವ ಕೈಮೋಟ್ರಿಪ್ಸಿನ್‌ನ ಸಕ್ರಿಯ ತಾಣದ (ಕ್ರಿಯೆ ನಡೆಯುವ ಜಾಗದ) ಚಿತ್ರ ಮಾಡುತ್ತಿದ್ದೇನೆ. ಪ್ರೋಟೀನ್ ರಚನೆಗಳ ಸಂಗ್ರಹವಾದ ಪಿಡಿಬಿಯ 4ಸಿಎಚ್‌ಎ ರಚನೆ. ಹಿಸ್ಟಿಡಿನ್ 57, ಆಸ್ಪಾರ್ಟೇಟ್ 102, ಸೆರಿನ್ 195, ಈ ಮೂರು ರೆಸಿಡ್ಯೂಗಳಿಗೆ (ಸರಪಳಿಯಲ್ಲಿನ ಅಮೈನೊ ಆಮ್ಲಗಳಿಗೆ) ಮಾತ್ರ ಹೆಸರು ಬೇಕು. ಲೇಬಲ್ ಆದೇಶ ಕೊಟ್ಟರೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ಏನೂ ಓದಲಾಗುತ್ತಿಲ್ಲ. ಸರ್ಫೇಸ್ (ಅಣುವಿನ ಹೊರಮೈ) ತೋರಿಸಿದರೆ ಪೂರ್ತಿ ಮಾಯ. ಪ್ರಬಂಧ ಕೊಡುವ ದಿನ ಹತ್ತಿರ ಬಂದಿದೆ. ನೀವೆಲ್ಲ ಹೇಗೆ ಮಾಡುತ್ತೀರಿ?

ಉತ್ತರ: ಪೈಮಾಲ್ ಹೆಸರು ಅಂಟಿಸುವುದು ರೆಸಿಡ್ಯೂಗಲ್ಲ, ಪರಮಾಣುವಿಗೆ. ಇಡೀ ಹಿಸ್ಟಿಡಿನ್ ಆರಿಸಿದರೆ, ಹೈಡ್ರೋಜನ್ ಬಿಟ್ಟು ಅದರ ಹತ್ತೂ ಪರಮಾಣುಗಳ ಮೇಲೆ ಅದೇ ಹೆಸರು ಬರುತ್ತದೆ. ಆಯ್ಕೆಯಲ್ಲಿ ಪ್ರತಿ ರೆಸಿಡ್ಯೂಗೆ ಒಂದೇ ಇರುವ ಆಲ್ಫಾ ಕಾರ್ಬನ್ ಒಂದನ್ನೇ ಹೇಳಿ, ಗಲಾಟೆ ಅಲ್ಲಿಗೆ ಮುಗಿಯಿತು.

ಉತ್ತರ: ಮೇಲಿನ ಸಲಹೆ ಸರಿ, ಆದರೆ ಈ ಚಿತ್ರಕ್ಕೆ ಆಲ್ಫಾ ಕಾರ್ಬನ್ ನನಗೆ ಒಪ್ಪಿಗೆಯಿಲ್ಲ. ಕೆಲಸ ನಡೆಯುವುದು ಪಾರ್ಶ್ವಸರಪಳಿಯ (ರೆಸಿಡ್ಯೂನ ಬದಿಗೆ ಚಾಚಿದ ಕವಲಿನ) ತುದಿಯಲ್ಲಿ. ಹೆಸರೂ ಅಲ್ಲೇ ಇರಲಿ. ಸೆರಿನ್‌ಗೆ ಗಾಮಾ ಆಕ್ಸಿಜನ್, ಉಳಿದೆರಡಕ್ಕೆ ಗಾಮಾ ಕಾರ್ಬನ್ ಹಿಡಿಯಿರಿ. ಆಮೇಲೆ ಎಡಿಟಿಂಗ್ ಮೋಡ್‌ಗೆ ಹೋಗಿ ಕಂಟ್ರೋಲ್ ಕೀ ಒತ್ತಿಕೊಂಡು ಮೌಸಿನಿಂದ ಲೇಬಲನ್ನು ಖಾಲಿ ಜಾಗಕ್ಕೆ ಎಳೆಯಿರಿ. ಸರ್ಫೇಸ್ ಹಿಂದೆ ಅಡಗಿದ ಹೆಸರು ಮೇಲೆ ಬರಲು ‘ಫ್ಲೋಟ್ ಲೇಬಲ್ಸ್’ ಆನ್ ಮಾಡಿ. ಲೇಬಲ್ ಗಾತ್ರಕ್ಕೆ ಋಣ ಸಂಖ್ಯೆ ಕೊಟ್ಟರೆ ಅಳತೆ ಪರಮಾಣುಗಳ ದೂರ ಅಳೆಯುವ ಆಂಗ್‌ಸ್ಟ್ರಮ್‌ನಲ್ಲಿರುತ್ತದೆ. ಜೂಮ್ ಮಾಡಿದಂತೆ ಅಕ್ಷರವೂ ಅಣುವಿನ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಇದನ್ನು ಹೇಳಿಕೊಡುವವರೇ ಕಡಿಮೆ.

ಉತ್ತರ: ಸರಪಳಿಯನ್ನೂ ನೋಡಿಕೊಳ್ಳಿ. ಕೈಮೋಟ್ರಿಪ್ಸಿನ್‌ನ ಪೂರ್ವರೂಪವಾದ ಕೈಮೋಟ್ರಿಪ್ಸಿನೋಜನ್ ಕತ್ತರಿಸಿಕೊಂಡು ಮೂರು ಸರಪಳಿಗಳಾಗುವುದರಿಂದ 57 ಮತ್ತು 102 ಇರುವುದು ಬಿ ಸರಪಳಿಯಲ್ಲಿ, 195 ಸಿ ಸರಪಳಿಯಲ್ಲಿ. ಬಿ ಒಂದನ್ನೇ ಬರೆದರೆ ಸೆರಿನ್‌ಗೆ ಹೆಸರು ಬಾರದು. ಸರಪಳಿ ಹೇಳದೆ ಬರೀ ಸಂಖ್ಯೆ ಕೊಟ್ಟರೆ ಆರು ಲೇಬಲ್ ಬರುತ್ತವೆ, ಏಕೆಂದರೆ 4ಸಿಎಚ್‌ಎಯಲ್ಲಿ ಅಣುವಿನ ಎರಡು ಪ್ರತಿಗಳಿವೆ. ಮುಂದೆ ಇದೇ ಬಳಗದ ಕಿಣ್ವ ಟ್ರಿಪ್ಸಿನ್ ಜೊತೆ ಹೋಲಿಸುವುದಿದ್ದರೆ ಇನ್ನೊಂದು ತೊಡಕು: ಅಲ್ಲಿ ಕೈಮೋಟ್ರಿಪ್ಸಿನೋಜನ್‌ನ ಎಣಿಕೆಯನ್ನೇ ಉಳಿಸಿಕೊಂಡಿರುವುದರಿಂದ ನಡುವೆ ಸಂಖ್ಯೆಗಳು ಬಿಟ್ಟುಹೋಗುತ್ತವೆ, 184ಎ, 188ಎ ಎಂಬಂಥವು ನುಸುಳುತ್ತವೆ. ಅವನ್ನು ಅಕ್ಷರ ಸಮೇತ ಬರೆಯಬೇಕು.

ಉತ್ತರ: ಪೈಮಾಲ್‌ನಂಥದ್ದೇ ಇನ್ನೊಂದು ತಂತ್ರಾಂಶ ಕೈಮೆರಾಎಕ್ಸ್‌ನಲ್ಲಿ ಈ ಗೋಳಿಲ್ಲ. ಲೇಬಲ್ ನೇರವಾಗಿ ರೆಸಿಡ್ಯೂಗೇ ಬೀಳುತ್ತದೆ, ತಾನಾಗಿಯೇ ಎಲ್ಲದರ ಮೇಲೆ ಕಾಣುತ್ತದೆ. ಹಾಗೆಂದು ಈಗ ಹೊಸ ತಂತ್ರಾಂಶ ಕಲಿಯಲು ಹೊರಡಬೇಡಿ. ಇರುವುದು ಮೂರೇ ಹೆಸರು. ಲೇಬಲ್ ಇಲ್ಲದ ಚಿತ್ರ ತೆಗೆದು, ಚಿತ್ರ ತಿದ್ದುವ ಇಂಕ್‌ಸ್ಕೇಪ್‌ನಲ್ಲಿ ಹೆಸರು ಬರೆದುಬಿಡಿ.